ಕೊರ್ಗ್ ಮೋನೋಲಾಗ್: ಮುಂದಿನದಕ್ಕೆ ದೊಡ್ಡ ಕೀ ಕೊಡಲಿ

ಕೊರ್ಗ್ ಕಂಪನಿಯ ಮೋನೋಲಾಗ್ ಒಂದು ಅನಲಾಗ್ ಸಿಂಥಸೈಜರ್, ಅಂದರೆ ವಿದ್ಯುತ್ ಸರ್ಕ್ಯೂಟಿನಿಂದ ನಾದ ಹೊರಡಿಸುವ ಕೀಬೋರ್ಡ್: ನಾದ ಹುಟ್ಟಿಸುವ ಎರಡು ಆಸಿಲೇಟರ್, 25 ಸಣ್ಣ ಕೀ, ಒಮ್ಮೆಗೆ ಒಂದೇ ಸ್ವರ. ಮೈಸೂರಿನ ಕರ್ನಾಟಕ ಸಂಗೀತದ ಕಿವಿಗೆ ಇದರ ನಿಜವಾದ ಆಕರ್ಷಣೆ ಮೈಕ್ರೋಟ್ಯೂನಿಂಗ್: ಪ್ರತಿ ಸ್ವರವನ್ನೂ ಸೆಂಟ್ (ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಭಾಗ) ಲೆಕ್ಕದಲ್ಲಿ ಸರಿಸಬಹುದು. ಅಂತರ ಗಾಂಧಾರವನ್ನು ಸುಮಾರು 14 ಸೆಂಟ್ ಇಳಿಸಿ ನೋಡಿ, ತಂಬೂರಿಯ ಜೊತೆ ಕೂಡಿಕೊಳ್ಳುತ್ತದೆ. ಗಮಕಕ್ಕೆ ಎಡಗಡೆಯ ಸ್ಲೈಡರ್ ಇದೆ, ತೀರಾ ಚಿಕ್ಕದು. ಅದು ಸ್ವರವನ್ನು ಜಾರಿಸುವ ಮಿತಿಯನ್ನು (ಬೆಂಡ್ ರೇಂಜ್) 2–3 ಸೆಮಿಟೋನ್, ಅಂದರೆ 2–3 ಕೀಗಳಷ್ಟು ಅಂತರಕ್ಕೆ ಇಟ್ಟರಷ್ಟೇ ಹಿಡಿತಕ್ಕೆ ಸಿಗುತ್ತದೆ.

ಅನಲಾಗ್ ಆಸಿಲೇಟರ್ ಬಿಸಿಗೆ ಶ್ರುತಿ ಬಿಡುತ್ತದೆ. ಏಪ್ರಿಲ್‌ನ ರಾಮೋತ್ಸವದ ಪೆಂಡಾಲಿನಲ್ಲಿ ನುಡಿಸುವುದಾದರೆ ಕಾಲು ಗಂಟೆ ಮೊದಲೇ ಆನ್ ಮಾಡಿಡಿ. ಕರೆಂಟ್ ಹೋದರೆ 6 ಎಎ ಸೆಲ್ ಸಾಕು.

ದೊಡ್ಡ ಕೊರತೆ ಎನ್ವಲಪ್ (ಸ್ವರ ಏರಿ ಆರುವ ಬಗೆ): ಸಸ್ಟೇನ್ (ಕೀ ಒತ್ತಿರುವಾಗ ನಿಲ್ಲುವ ಮಟ್ಟ), ರಿಲೀಸ್‌ಗೆ (ಕೀ ಬಿಟ್ಟ ಮೇಲೆ ಆರುವ ಸಮಯ) ಗುಂಡಿಯೇ ಇಲ್ಲ. ಕೊರ್ಗ್ ಮುಂದಿನ ಮಾದರಿಯಲ್ಲಿ ಆ ಎರಡನ್ನೂ, 37 ಪೂರ್ಣ ಗಾತ್ರದ ಕೀಗಳನ್ನೂ, ಬೆರಳು ಜಾರಿಸಿ ಸ್ವರ ಬಾಗಿಸುವ ಉದ್ದನೆಯ ರಿಬ್ಬನ್ ಪಟ್ಟಿಯನ್ನೂ ಕೊಡಲಿ. ಡಿಲೇ (ಪ್ರತಿಧ್ವನಿ) ಬೇಡ, ಅದಕ್ಕೆ ಬೇರೆ ಪೆಡಲ್ ಸಿಗುತ್ತದೆ.