ಬೋರ್ಡ್‌ನಲ್ಲಿ ಅಂಜಲ್, ತಟ್ಟೆಯಲ್ಲಿ ಬಾಸಾ: ಮಾಲ್‌ನ ಫಿಶ್ ಅಂಡ್ ಚಿಪ್ಸ್ ತಿನ್ನುವ ಮುಂಚೆ ಹುಷಾರು

ಮಕ್ಕಳನ್ನು ಕರೆದುಕೊಂಡು ಮಾಲ್‌ಗೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕುಶಾಲನಗರ ಕಡೆಯ ಒಂದು ಮಾಲ್‌ನ ಫುಡ್ ಕೋರ್ಟ್‌ನಲ್ಲಿ ಫಿಶ್ ಅಂಡ್ ಚಿಪ್ಸ್ (ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಕರಿದ ಆಲೂಗಡ್ಡೆ) ಮಾರುವ ಚಿಕ್ಕ ಸ್ಟಾಲ್ ಇದೆ. ಬೋರ್ಡ್‌ನಲ್ಲಿ ‘ಫ್ರೆಶ್ ಅಂಜಲ್’ ಅಂತ ದೊಡ್ಡದಾಗಿ ಬರೆದಿದ್ದಾರೆ. ಅಂಜಲ್ ಅಂದರೆ ಸಮುದ್ರದ ದುಬಾರಿ ಮೀನು, ಸುರಮಯಿ ಅಂತಲೂ ಕರೆಯುತ್ತಾರೆ. ಅಂಜಲ್ ಅಲ್ಲವೇ ಅಲ್ಲ. ಅಂಜಲ್‌ನ ದುಡ್ಡು ತೆಗೆದುಕೊಂಡು ಬಾಸಾ ಅನ್ನುವ ಸಾಕಿದ ಮೀನು ಕೊಡುತ್ತಿದ್ದಾರೆ. ದೂರು ಕೊಟ್ಟಿದ್ದೇನೆ, ಅದು ಇತ್ಯರ್ಥ ಆಗುವವರೆಗೆ ಹೆಸರು ಹಾಕುವುದಿಲ್ಲ.

ಸುರತ್ಕಲ್‌ನಿಂದ ತಂಗಿ, ಭಾವ, ಮಕ್ಕಳು ಬಂದಿದ್ದರು. ಜುಲೈ ಮಳೆ, ಹೊರಗೆ ಕಾಲಿಡುವ ಹಾಗಿಲ್ಲ. ಮಾಲ್‌ಗೆ ಹೋದೆವು. ಬೋರ್ಡ್ ಮೇಲಿನ ಫೋಟೋ ನೋಡಿ ಮಕ್ಕಳು ‘ಮಾಮ, ಅದು ಬೇಕು’ ಅಂತ ಶುರು ಮಾಡಿದರು. ಪ್ಲೇಟಿಗೆ 420 ರೂಪಾಯಿ. ಜಾಸ್ತಿಯೇ. ಆದರೆ ಅಂಜಲ್ ಅಂದಮೇಲೆ ಅಷ್ಟಿರುತ್ತದೆ ಅಲ್ವಾ? ಕೌಂಟರಿನ ಹುಡುಗನನ್ನು ಕೇಳಿಯೇ ದುಡ್ಡು ಕೊಟ್ಟೆ. ‘ಅಂಜಲ್ ತಾನೇ ಇದು?’ ಅಂದೆ. ‘ಹೌದು ಸಾರ್, ಬೆಳಿಗ್ಗೆ ಮಂಗಳೂರಿಂದ ಬಂದಿದ್ದು’ ಅಂದ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಮೂರು ಪ್ಲೇಟ್, ಜಿಎಸ್‌ಟಿ ಸೇರಿ 1323 ರೂಪಾಯಿ.

ಫುಡ್ ಕೋರ್ಟ್ ಲೆಕ್ಕ ಗೊತ್ತಲ್ಲ, ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ತಟ್ಟೆ. ನಮ್ಮ ಊರಿನ ಮೀನೂಟದ ಹೋಟೆಲಿನಲ್ಲಾದರೆ ಮಸಾಲೆ ಹಚ್ಚಿದ ಮೀನು ಕಣ್ಣೆದುರು ಇರುತ್ತದೆ. ಇದು ಬೇಕು, ಅದು ಬೇಡ ಅಂತ ತೋರಿಸಿ ತವಾಕ್ಕೆ ಹಾಕಿಸುತ್ತೇವೆ. ಇಲ್ಲಿ ಮೀನು ಹಿಟ್ಟಿನೊಳಗೆ ಅಡಗಿ ಕೂತಿರುತ್ತದೆ.

ತಟ್ಟೆ ಬಂತು. ಒಂದು ತುಂಡು ಮುರಿದೆ. ಹಿಟ್ಟಿನ ಚಿಪ್ಪು ಒಂದು ಕಡೆ ಬಂತು, ಮೀನು ಇನ್ನೊಂದು ಕಡೆ, ನಡುವೆ ಎಣ್ಣೆ. ಒಳಗಿದ್ದದ್ದು ತೆಳ್ಳಗಿನ ಬಿಳಿ ಪಟ್ಟಿ. ಮುಟ್ಟಿದರೆ ಮೆತ್ತಗೆ, ಒತ್ತಿದರೆ ನೀರು. ಚರ್ಮ ಇಲ್ಲ, ಮುಳ್ಳಿಲ್ಲ, ರುಚಿಯೂ ಇಲ್ಲ. ಅಂಜಲ್ ಹಾಗಿರುತ್ತದಾ? ಬೆಂದರೂ ಗಟ್ಟಿಯಾಗಿರುತ್ತದೆ, ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಭಾವ ಒಂದು ತುತ್ತು ತಿಂದು ಸುಮ್ಮನೆ ಕೆಳಗಿಟ್ಟರು. ನಾನೇ ಕೇಳಿದ ಮೇಲೆ ಮೆಲ್ಲಗೆ ಹೇಳಿದರು: ‘ಇದು ಅಂಜಲ್ ಅಲ್ಲ ಭಾವ. ಬೋಟೆಲ್ಲ ದಡದಲ್ಲಿ ನಿಂತಿವೆ ಮಾರಾಯ್ರೆ, ಇವರಿಗೆ ಬೆಳಿಗ್ಗೆ ಫ್ರೆಶ್ ಅಂಜಲ್ ಎಲ್ಲಿಂದ ಬಂತು?’

ಹೌದಲ್ಲ! ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕೇರಳದಲ್ಲೂ ಆ ಹೊತ್ತಿಗೆ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ನಾಡದೋಣಿಯವರು ತರುವುದು ಸ್ವಲ್ಪ, ಅದಕ್ಕೆ ಅಲ್ಲೇ ಮುಗಿಬೀಳುತ್ತಾರೆ. ಮನೆಗೆ ಬಂದ ನೆಂಟರಿಗೆ, ಅದೂ ಕಡಲ ಬದಿಯವರಿಗೆ, ನಾನು ತಿನ್ನಿಸಿದ್ದು ಇದು. ತಲೆ ಎತ್ತಲು ಆಗಲಿಲ್ಲ.

ತಟ್ಟೆ ಹಿಡಿದು ಕೌಂಟರಿಗೆ ಹೋದೆ. ಹುಡುಗ ಮುಂದಿನ ಆರ್ಡರ್‌ಗೆ ಫ್ರೀಜರ್ ಬಾಗಿಲು ತೆಗೆದ. ಮೇಲಿನಿಂದ ಕೆಳಗಿನವರೆಗೆ ಒಂದೇ ಥರದ ಪ್ಲಾಸ್ಟಿಕ್ ಪ್ಯಾಕೆಟ್, ಎಲ್ಲದರ ಮೇಲೂ ‘ಬಾಸಾ ಫಿಲೆಟ್’. ಆ ಕ್ಷಣ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಮಂಗಳೂರಿಂದ ಬಂದಿದ್ದು ಅಂದನಲ್ಲ!

‘ಇದೇನಪ್ಪಾ?’
‘ಅದು ಬೇರೆ ಐಟಂಗೆ ಸಾರ್.’
‘ನಿಮ್ಮಲ್ಲಿ ಮೀನಿನ ಐಟಂ ಇರೋದೇ ಇದೊಂದು. ಅಂಜಲ್ ಎಲ್ಲಿ, ತೋರಿಸು.’
‘ಖಾಲಿ ಆಯ್ತು ಸಾರ್.’
‘ಈಗ ತಾನೇ ಇವರಿಗೆ ಟೋಕನ್ ಕೊಟ್ಟೆಯಲ್ಲ?’

ಮಾತಿಲ್ಲ. ಒಳಗಿಂದ ಸೂಪರ್‌ವೈಸರ್ ಬಂದ. ಅವನ ಉತ್ತರ ಕೇಳಿ: ‘ಎಲ್ಲಾ ಸೀ ಫುಡ್ಡೇ ಅಲ್ವಾ ಸಾರ್, ಟೇಸ್ಟ್ ಒಂದೇ.’ ಬಾಸಾ ಸಮುದ್ರದ ಮೀನೇ ಅಲ್ಲ! ಸಿಹಿನೀರಿನದ್ದು. ವಿಯೆಟ್ನಾಂನ ಮೆಕಾಂಗ್ ನದಿ ಕಡೆ ಸಾಕುತ್ತಾರೆ, ಅದೇ ಕುಟುಂಬದ ಮೀನನ್ನು ಆಂಧ್ರದ ಕೆರೆಗಳಲ್ಲೂ ಸಾಕುತ್ತಾರೆ. ಅದು ಕೆಟ್ಟ ಮೀನು ಅಂತ ನಾನು ಹೇಳುತ್ತಿಲ್ಲ. ಬಾಸಾ ಅಂತ ಬರೆದು ಬಾಸಾ ಬೆಲೆಗೆ ಮಾರಲಿ, ಬೇಕಾದವರು ತಿನ್ನಲಿ. ಇಂಗ್ಲೆಂಡಿನಲ್ಲಿ ಫಿಶ್ ಅಂಡ್ ಚಿಪ್ಸ್‌ಗೆ ಕಾಡ್ ಅಥವಾ ಹ್ಯಾಡಕ್ ಮೀನು ಹಾಕುತ್ತಾರೆ, ಜೊತೆಗೆ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ, ಮೇಲೆ ಉಪ್ಪು, ಮಾಲ್ಟ್ ವಿನಿಗರ್. ಇವರ ಹತ್ತಿರ ವಿನಿಗರ್ ಕೇಳಿದರೆ ಟೊಮೆಟೊ ಸಾಸ್ ಪೊಟ್ಟಣ ಎಸೆದರು. ಕಾಚಂಪುಳಿ (ಕೊಡಗಿನ ಹಣ್ಣಿನ ವಿನಿಗರ್) ಊರಿನಲ್ಲಿ ಕೂತು ಮೀನಿಗೆ ಒಂದು ಹನಿ ಹುಳಿ ಕೊಡಲು ಗತಿಯಿಲ್ಲ!

ಬೋರ್ಡ್‌ನ ಫೋಟೋ ತೆಗೆಯಲು ಫೋನ್ ಎತ್ತಿದೆ, ಹುಡುಗ ಅಡ್ಡ ಬಂದು ನಿಂತ. ಆದರೂ ಎರಡು ಫೋಟೋ ಸಿಕ್ಕಿದೆ, ಪ್ಯಾಕೆಟ್‌ದೂ ಇದೆ. ಆಮೇಲೆ ಸೂಪರ್‌ವೈಸರ್ ರಾಗ ಬದಲಾಯಿತು: ‘ಕಂಪನಿಯಿಂದ ಬರೋದೇ ಹೀಗೆ ಸಾರ್, ನಾವು ಬರೀ ಕರಿಯೋದು. ಬೇಕಾದ್ರೆ ಮಕ್ಕಳಿಗೆ ಕೂಲ್‌ಡ್ರಿಂಕ್ಸ್ ಕೊಡ್ತೀನಿ.’ ಕೂಲ್‌ಡ್ರಿಂಕ್ಸ್ ಅಂತೆ! ಸುಳ್ಳು ಹೇಳಿ ಮೀನು ಮಾರಿದ್ದಕ್ಕೆ ಪರಿಹಾರ ಅದು. ಮಾಲ್ ಆಫೀಸಿಗೆ ಹೋದರೆ, ‘ನಾವು ಜಾಗ ಬಾಡಿಗೆಗೆ ಕೊಟ್ಟಿದ್ದೀವಿ ಅಷ್ಟೆ’ ಅಂದರು.

ಬಿಲ್ ನೋಡಿದಾಗ ಇನ್ನೊಂದು ಗೊತ್ತಾಯಿತು. ಅದರಲ್ಲಿ ಮೀನಿನ ಹೆಸರೇ ಇಲ್ಲ. ‘ಎಫ್ ಅಂಡ್ ಸಿ ರೆಗ್ಯುಲರ್’ ಅಂತ ಮಾತ್ರ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರೂ ಇಲ್ಲ. 2022ರ ಜನವರಿಯಿಂದ ಆಹಾರದ ಬಿಲ್‌ನಲ್ಲಿ ಆ ನಂಬರ್ ಹಾಕುವುದು ಕಡ್ಡಾಯ. ಗ್ರಾಹಕ ಕೇಳಿದ ಥರದ ಆಹಾರ ಕೊಡದೆ ಬೇರೆ ಕೊಟ್ಟರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 50ನೇ ಸೆಕ್ಷನ್‌ನಲ್ಲಿ 5 ಲಕ್ಷದವರೆಗೆ ದಂಡ ಹಾಕಬಹುದು. ಇದು ಸಣ್ಣ ವಿಷಯ ಅಲ್ಲ ಸ್ವಾಮಿ.

ಹಾಗಾಗಿ ನೀವು ಹೋದರೆ, ದುಡ್ಡು ಕೊಡುವ ಮುಂಚೆ ಹಸಿ ಮೀನು ತೋರಿಸಿ ಅನ್ನಿ. ತೋರಿಸದಿದ್ದರೆ ಮುಂದೆ ನಡೆಯಿರಿ. ಬಿಲ್‌ನಲ್ಲಿ ಮೀನಿನ ಹೆಸರು ಬರೆಸಿಕೊಳ್ಳಿ. ಮೋಸ ಆದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಅಲ್ಲೇ ದೂರು ಕೊಟ್ಟಿದ್ದು.

ದೂರು ಹೋದ ಮೇಲೆ ಮಾಲೀಕರ ಕಡೆಯಿಂದ ವಾಟ್ಸಾಪ್ ಬಂತು: ‘ನಿಮ್ಮ ಅಮೌಂಟ್ ರಿಟರ್ನ್ ಹಾಕ್ತೀವಿ, ಎಲ್ಲೂ ಬರೀಬೇಡಿ.’ ದುಡ್ಡು ಬೇಡ, ಮೊದಲು ಬೋರ್ಡ್ ಬದಲಾಯಿಸಿ ಅಂತ ಉತ್ತರ ಕಳಿಸಿದೆ. ನೋಡಿದ್ದಾರೆ, ಉತ್ತರ ಇಲ್ಲ. ಬೋರ್ಡ್ ಇನ್ನೂ ಹಾಗೇ ಇದೆ ಅಂತ ನಿನ್ನೆ ಅಲ್ಲಿಗೆ ಹೋಗಿದ್ದ ಗೆಳೆಯ ಹೇಳಿದ. ನಿಮ್ಮಲ್ಲಿ ಯಾರಾದರೂ ಅಲ್ಲಿ ತಿಂದಿದ್ದರೆ ಬಿಲ್ ಬಿಸಾಡಬೇಡಿ. ಫೋಟೋ ಕಳಿಸಿ, ನನ್ನ ದೂರಿನ ಜೊತೆ ಸೇರಿಸುತ್ತೇನೆ.