ಮರಳು, ಡೈ, ಮೇಣ: ಬೋಟಿನ ಪಂಪಿಗೆ ಹನ್ನೊಂದು ವರ್ಷ ಎರಕ ಹೊಯ್ಯಿಸಿದ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಂಗಳೂರು ಧಕ್ಕೆಯಲ್ಲಿ, ಮಲ್ಪೆಯಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತ ಮೇಲೆ ನಮಗೆ ಸೀಸನ್ ಶುರು. ಬೈಕಂಪಾಡಿಯಲ್ಲಿ ನಮ್ಮದು ಎರಡು ಲೇತಿನ ಸಣ್ಣ ವರ್ಕ್‌ಶಾಪ್. ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು ಮಾಡುತ್ತೇವೆ, ಹಳೆಯದನ್ನು ರಿಪೇರಿಯೂ ಮಾಡುತ್ತೇವೆ. ಎರಕದ ಕೆಲಸ ಮಾತ್ರ ಹೊರಗೆ ಕೊಡುತ್ತೇವೆ. ಹನ್ನೊಂದು ವರ್ಷದಲ್ಲಿ ನಾಲ್ಕು ಬಗೆಯ ಎರಕದ ರುಚಿ ನೋಡಿದ್ದಾಯಿತು. ದುಡ್ಡು ಕೊಟ್ಟು ಮಾಡಿಸಿಕೊಂಡವನ ಕಣ್ಣಲ್ಲಿ ಯಾವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಹತ್ತರಲ್ಲಿ ಏಳು ಕೆಲಸ ನಮ್ಮಲ್ಲಿ ಈಗಲೂ ಮರಳಿನ ಎರಕದಲ್ಲೇ. ಮರದ ಪ್ಯಾಟರ್ನ್, ಅಂದರೆ ಬೇಕಾದ ಪೀಸಿನದೇ ಆಕಾರದ ಮಾದರಿ, ಒಂದಿದ್ದರೆ ಸಾಕು. ಮರಳಿಗೆ ಬೆಂಟೋನೈಟ್ ಮಣ್ಣು, ಸ್ವಲ್ಪ ನೀರು ಕಲಸಿ, ಪ್ಯಾಟರ್ನ್ ಸುತ್ತ ಬಡಿದು ಕೂರಿಸುತ್ತಾರೆ. ಪ್ಯಾಟರ್ನ್ ಎತ್ತಿದರೆ ಅಚ್ಚು ರೆಡಿ. ಗ್ರೀನ್ ಸ್ಯಾಂಡ್ ಅಂತಾರೆ, ಆದರೆ ನೋಡಲು ಕಪ್ಪು. ಅದು ಹಸಿರು ಅಲ್ಲ, ಹಸಿ. ಒಂದೇ ಪೀಸ್ ಬೇಕೆಂದರೂ ಬೇಡ ಅನ್ನುವುದಿಲ್ಲ. ಸೋಮವಾರ ಪ್ಯಾಟರ್ನ್ ಕೊಟ್ಟರೆ ಗುರುವಾರ ಗನ್ ಮೆಟಲ್ (ತಾಮ್ರ, ತವರ, ಸತು ಬೆರೆತ ಕಂಚು) ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ, ಕೈಯಲ್ಲಿರುತ್ತದೆ. "ಆಗಸ್ಟ್ ಒಂದಕ್ಕೆ ಬೋಟ್ ಹೋಗ್ಲೇಬೇಕು ಮಾರಾಯ್ರೆ" ಅಂತ ಬೋಟು ನಡೆಸುವ ತಾಂಡೇಲರು ಬಾಗಿಲಲ್ಲಿ ಕೂತಾಗ ಬೇರೆ ಯಾವ ಪದ್ಧತಿಯೂ ಕೆಲಸಕ್ಕೆ ಬರುವುದಿಲ್ಲ.

ತೊಂದರೆ ಏನೆಂದರೆ, ನಮಗೆ ಸೀಸನ್ ಬರುವುದೇ ಧೋ ಅಂತ ಮಳೆ ಸುರಿಯುವಾಗ. ಆ ಮರಳಿಗೆ ನೀರು ನೂರಕ್ಕೆ ಮೂರು, ನಾಲ್ಕು ಪಾಲಿದ್ದರೆ ಸರಿ. ಜುಲೈನಲ್ಲಿ ಶೆಡ್ಡಿನ ಮೂಲೆಯ ರಾಶಿ ತಾನಾಗಿಯೇ ಒದ್ದೆಯಾಗುತ್ತದೆ. ಸಾವಿರ ಡಿಗ್ರಿ ದಾಟಿದ ಲೋಹ ಬಿದ್ದಾಗ ಆ ನೀರೆಲ್ಲ ಆವಿಯಾಗಿ ಸಾವಿರ ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಲೋಹದೊಳಗೇ ಗುಳ್ಳೆ. ಮೂರನೇ ವರ್ಷ 12 ಇಂಪೆಲ್ಲರ್ ಹೀಗೇ ಮಳೆಯಲ್ಲಿ ಮಾಡಿಸಿದೆ. ಮೇಲೆ ನೋಡಲು ಚಂದವೇ. ಲೇತಿಗೆ ಕಟ್ಟಿ ಎರಡು ಮಿಲಿಮೀಟರ್ ತೆಗೆಯುವಷ್ಟರಲ್ಲಿ ಒಳಗೆಲ್ಲ ನೀರುದೋಸೆಯ ಹಾಗೆ ತೂತು. ಐದು ಗುಜರಿಗೆ ಹೋದವು. ಫೌಂಡ್ರಿಯವರು ಬದಲಿ ಪೀಸ್ ಕೊಟ್ಟರು, ಆದರೆ ಲೇತ್ ಖರ್ಚು ನಮ್ಮ ತಲೆಗೇ. ಆಮೇಲಿಂದ ಹೊಯ್ಯುವ ದಿನ ನಾನೇ ಹೋಗಿ ಮರಳನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಉಂಡೆ ಮುರಿದಾಗ ಅಂಚು ಚೂಪಾಗಿ ನಿಲ್ಲಬೇಕು, ಅಂಗೈಗೆ ಅಂಟಬಾರದು. ಮರಳಿನ ಎರಕಕ್ಕೆ ಸ್ಟಾರ್ ಕೊಡಿ ಅಂದರೆ ಮೇ ತಿಂಗಳಲ್ಲಿ ನಾಲ್ಕು, ಜುಲೈನಲ್ಲಿ ಎರಡೂವರೆ.

ಒಂದು ತಪ್ಪು ನನ್ನದೇ. ಶುರುವಿನಲ್ಲಿ ಬೋಟಿನವರು ತಂದ ಹಳೇ ಪಂಪ್ ಬಾಡಿಯನ್ನೇ ಪ್ಯಾಟರ್ನ್ ಅಂತ ಕೊಟ್ಟುಬಿಟ್ಟೆ. ಗನ್ ಮೆಟಲ್ ತಣಿಯುವಾಗ ಸುಮಾರು ಒಂದೂವರೆ ಪರ್ಸೆಂಟ್ ಕುಗ್ಗುತ್ತದೆ. 200 ಮಿಲಿಮೀಟರ್ ಇದ್ದದ್ದು 197 ಆಗಿ ಬಂತು, ಲೇತಿನಲ್ಲಿ ತೆಗೆಯಲು ಏನೂ ಉಳಿಯಲಿಲ್ಲ. ಮರದ ಪ್ಯಾಟರ್ನ್ ಮಾಡುವ ಆಚಾರಿಗಳ ಅಳತೆಕೋಲು ಮಾಮೂಲಿ ಸ್ಕೇಲಿಗಿಂತ ಯಾಕೆ ಉದ್ದ ಅಂತ ಆವತ್ತು ಗೊತ್ತಾಯಿತು. ಕುಗ್ಗುವ ಲೆಕ್ಕ ಅದರಲ್ಲೇ ಸೇರಿರುತ್ತದೆ.

ಬೇರಿಂಗ್ ಕವರ್ ಅಲ್ಯೂಮಿನಿಯಂನದು. ಅದನ್ನು ಬೆಳಗಾವಿಯಲ್ಲಿ ಗ್ರಾವಿಟಿ ಡೈಯಲ್ಲಿ ಮಾಡಿಸುತ್ತೇವೆ. ಇಲ್ಲಿ ಅಚ್ಚು (ಡೈ) ಲೋಹದ್ದು, ಕರಗಿದ ಲೋಹ ತನ್ನ ಭಾರಕ್ಕೇ ಒಳಗೆ ಇಳಿಯುತ್ತದೆ, ಮರಳಿನ ಗಲಾಟೆ ಇಲ್ಲ, ಬೇಗ ತಣಿಯುವುದರಿಂದ ಪೀಸ್ ಗಟ್ಟಿ. ಡೈಗೆ ಒಮ್ಮೆ ದುಡ್ಡು ಹಾಕಬೇಕು, ವರ್ಷಕ್ಕೆ ನೂರಿನ್ನೂರು ಪೀಸ್ ತೆಗೆದರೆ ಹುಟ್ಟುತ್ತದೆ. ಏಳು ವರ್ಷದಲ್ಲಿ ದೂರು ಹೇಳುವಂಥದ್ದು ಏನೂ ಆಗಿಲ್ಲ.

ಅದೇ ಕವರ್ ಇನ್ನೂ ಅಗ್ಗಕ್ಕೆ ಸಿಗುತ್ತದೆ ಅಂತ ಒಬ್ಬರು ಪ್ರೆಶರ್ ಡೈ ಕಾಸ್ಟಿಂಗ್ ಕಡೆ ಎಳೆದರು. ಡೈಗೇ ಲಕ್ಷಗಟ್ಟಲೆ, ಅದೂ ಸಾವಿರಾರು ಪೀಸ್ ಆರ್ಡರ್ ಇದ್ದರೆ ಮಾತ್ರ ಮಾತು. ಹಾಗಾಗಿ ಹೆಚ್ಚುಕಮ್ಮಿ ಅದೇ ಅಳತೆಯ ರೆಡಿಮೇಡ್ ಕವರ್ 50 ತರಿಸಿ ನೋಡಿದೆ. ಕೈಗೆ ಹಗುರ, ಫಿನಿಶಿಂಗ್ ಅದ್ಭುತ. ಆದರೆ ಲೋಹವನ್ನು ಒತ್ತಡದಲ್ಲಿ ಜೋರಾಗಿ ನುಗ್ಗಿಸುವಾಗ ಗಾಳಿಯೂ ಒಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಪದರ ಗಟ್ಟಿ, ನಡುವೆ ಸಣ್ಣ ಸಣ್ಣ ತೂತು. ಸೀಲ್ ಕೂರುವ ಜಾಗವನ್ನು ಲೇತಿನಲ್ಲಿ ತೆಗೆದದ್ದೇ ತಡ, ನೀರು ಜಿನುಗಲು ಶುರು. ವೆಲ್ಡ್ ಮಾಡೋಣ ಅಂದರೆ ಗುಳ್ಳೆ ಏಳುತ್ತದೆ. ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಇದಕ್ಕೆ ಹೆಚ್ಚಾಗಿ ಬಳಸುವ ಎಡಿಸಿ 12 ಅನ್ನುವ ಅಲ್ಯೂಮಿನಿಯಂನಲ್ಲಿ ತಾಮ್ರ ಒಂದೂವರೆಯಿಂದ ಮೂರೂವರೆ ಪರ್ಸೆಂಟ್ ಇರುತ್ತದೆ. ಉಪ್ಪು ನೀರಿಗೆ ತಾಮ್ರ ಇರುವ ಅಲ್ಯೂಮಿನಿಯಂ ತಡೆಯುವುದಿಲ್ಲ. ಬೆಳಗಾವಿಯ ನಮ್ಮ ಕವರ್ ಎಲ್‌ಎಂ 6, ಅದರಲ್ಲಿ ತಾಮ್ರ ಇಲ್ಲವೆನ್ನುವಷ್ಟು ಕಮ್ಮಿ. ಒಂದೇ ಸೀಸನ್ನಿಗೆ ಆ ರೆಡಿಮೇಡ್ ಕವರುಗಳ ಮೈಮೇಲೆ ಬಿಳಿ ಪುಡಿ, ಗುಳಿ. ಬೈಕಿನ ಎಂಜಿನ್ ಕವರಿಗೆ ಇದು ಬಹಳ ಒಳ್ಳೆಯ ಪದ್ಧತಿಯೇ. ಬೋಟಿಗೆ ಬೇಡ.

ಕೊನೆಯದು ಮೇಣದ ಎರಕ. ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಅಂದರೆ ಹೊಸದು ಅನ್ನಿಸುತ್ತದೆ, ಅಲ್ವಾ? ದೇವಸ್ಥಾನದ ಪಂಚಲೋಹದ ಉತ್ಸವ ಮೂರ್ತಿ ಹೊಯ್ಯುವುದೂ ಮೇಣದಿಂದಲೇ. ಅಲ್ಲಿ ಮೇಣದ ಮೇಲೆ ಮಣ್ಣು ಮೆತ್ತುತ್ತಾರೆ. ಇಲ್ಲಿ ಮೇಣದ ಮಾದರಿಯನ್ನು ಸೆರಾಮಿಕ್ ಹಿಟ್ಟಿನಲ್ಲಿ ಅದ್ದಿ, ಮರಳು ಉದುರಿಸಿ, ಒಣಗಿಸಿ, ಮತ್ತೆ ಅದ್ದಿ ಏಳೆಂಟು ಪದರ ಕಟ್ಟುತ್ತಾರೆ. ಮೇಣ ಕರಗಿಸಿ ತೆಗೆದು, ಚಿಪ್ಪನ್ನು ಸುಟ್ಟು, ಸ್ಟೀಲ್ ಹೊಯ್ಯುತ್ತಾರೆ. ನಾಲ್ಕು ವರ್ಷದಿಂದ 316 ಸ್ಟೇನ್‌ಲೆಸ್ ಇಂಪೆಲ್ಲರನ್ನು ರಾಜ್‌ಕೋಟ್‌ನಿಂದ ತರಿಸುತ್ತಿದ್ದೇವೆ. ರೆಕ್ಕೆಗಳ ಸಂದಿಯಲ್ಲಿ ಬೆರಳಾಡಿಸಿದರೆ ನುಣುಪು. ಮರಳಿನಲ್ಲಿ ಅದೇ ಸಂದಿಗೆ ಕೋರ್ (ಗಟ್ಟಿ ಮಾಡಿದ ಮರಳಿನ ತುಂಡು) ಇಟ್ಟು, ಆಮೇಲೆ ಆ ಗಟ್ಟಿ ಮರಳನ್ನು ಸೂಜಿಯಲ್ಲಿ ಕೆರೆದು ತೆಗೆಯುವ ಹುಡುಗರ ಪಾಡು ನೋಡಿದವರಿಗೆ ಇದರ ಬೆಲೆ ಗೊತ್ತು. ಮೊದಲು ಹಾಕಿದ ಇಂಪೆಲ್ಲರುಗಳಲ್ಲಿ ಒಂದೂ ವಾಪಸ್ ಬಂದಿಲ್ಲ. ಆದರೆ ಪೀಸಿಗೆ ಗನ್ ಮೆಟಲ್‌ನ ದುಪ್ಪಟ್ಟು ಬೀಳುತ್ತದೆ, ಆರ್ಡರ್ ಕೊಟ್ಟು ಆರು ವಾರ ಕಾಯಬೇಕು. ರಜೆ ಶುರುವಾದ ಮೇಲೆ ಫೋನ್ ಮಾಡಿದರೆ ಮಾಲು ಕೈಗೆ ಬರುವಾಗ ಬೋಟುಗಳೆಲ್ಲ ನೀರಿಗಿಳಿಯುವ ಹೊತ್ತು.

ಈಗ ನಾವು ಮೇಣದ ಆರ್ಡರ್ ಫೆಬ್ರವರಿಯಲ್ಲೇ ಕೊಡುತ್ತೇವೆ. ಓಡುವ ಅಳತೆಯ ಗನ್ ಮೆಟಲ್ ಬಾಡಿಗಳನ್ನು ಮೇ 15ರೊಳಗೆ ಹೊಯ್ಯಿಸಿ ಇಟ್ಟುಕೊಳ್ಳುತ್ತೇವೆ. ಮಳೆಯಲ್ಲಿ ಮಾಡಿಸುವುದು ಒಂಟಿ ಪೀಸ್ ಮಾತ್ರ. ಪ್ಯಾಟರ್ನ್ ಯಾವತ್ತೂ ಫೌಂಡ್ರಿಯಲ್ಲಿ ಬಿಟ್ಟು ಬರಬೇಡಿ. ಒಂದು ಕಡೆ ನಮ್ಮ ಸಾಗುವಾನಿ ಪ್ಯಾಟರ್ನ್ ಸೋರುವ ಶೀಟಿನ ಕೆಳಗೆ ಎರಡು ತಿಂಗಳು ಬಿದ್ದಿತ್ತು. ತಂದು ನೋಡಿದರೆ ಅಂಟು ಬಿಟ್ಟು ಎರಡು ಹೋಳು. ಅವರು ಅದಕ್ಕೂ ಬಿಲ್ಲಿನಲ್ಲಿ ಸ್ಟೋರೇಜ್ ಅಂತ 300 ರೂಪಾಯಿ ಹಾಕಿದ್ದರು.