ನಡುಕದ ಕಾರಣ ತಿಳಿಯುವ ಮೊದಲು ಟೈರ್ ಬ್ಯಾಲೆನ್ಸಿಂಗ್ ವಿಧಾನವನ್ನು ಆರಿಸಬೇಡಿ

ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲಿ ಓಡುತ್ತಿದ್ದ, ಒಳಗೇ ವಾಸಿಸುವ ಅನುಕೂಲವಿರುವ ನಮ್ಮ ಮೋಟರ್‌ಹೋಮ್‌ನ ಮುಂದಿನ ಎಡ ಟೈರಿನ ಮೇಲ್ಪದರ ಒಮ್ಮೆಗೇ ಕಿತ್ತುಹೋಯಿತು. ಕಿತ್ತ ಪಟ್ಟಿ ಚಕ್ರದೊಂದಿಗೆ ತಿರುಗುತ್ತ ಮಡ್‌ಗಾರ್ಡನ್ನು ಸೀಳಿ, ಅದರ ಹಿಂದಿದ್ದ ದೀಪದ ವೈರುಗಳನ್ನೂ ನೀರಿನ ಟ್ಯಾಂಕಿನ ಕೊಳವೆಯನ್ನೂ ಹರಿದುಹಾಕಿತು. ಬ್ರೇಕ್ ಒತ್ತದೆ, ಸ್ಟೇರಿಂಗನ್ನು ನೇರವಾಗಿ ಬಿಗಿ ಹಿಡಿದು, ಆಕ್ಸಿಲರೇಟರಿನಿಂದ ನಿಧಾನವಾಗಿ ಕಾಲು ತೆಗೆದು ಗಾಡಿಯನ್ನು ಬದಿಗೆ ತರುವಷ್ಟು ಜಾಗ ರಸ್ತೆಯಲ್ಲಿ ಇದ್ದುದರಿಂದ ಒಳಗಿದ್ದ ಯಾರಿಗೂ ಪೆಟ್ಟಾಗಲಿಲ್ಲ. ಅದೇ ಕ್ಷಣದಲ್ಲಿ ಎದುರಿನಿಂದ ಇನ್ನೊಂದು ವಾಹನ ಬರುತ್ತಿದ್ದರೆ ನಾನು ಇಂದು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಆ ಟೈರ್ ಹಾಳಾಗುತ್ತಿದೆ ಎಂಬುದು ಐದು ತಿಂಗಳ ಮೊದಲಿನಿಂದಲೂ ಸ್ಟೇರಿಂಗಿನ ನಡುಕದಲ್ಲಿ ಗೊತ್ತಾಗುತ್ತಲೇ ಇತ್ತು. ಆ ಐದು ತಿಂಗಳಲ್ಲಿ ನಾನು ಎರಡು ಬಗೆಯ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮನಾಗುವಂತೆ ಮಾಡುವ ಕೆಲಸ, ಮಾಡಿಸಿದೆ. ಎರಡು ಕಡೆಯೂ ನಡುಕವನ್ನು ಹೇಗೆ ಕಡಿಮೆ ಮಾಡುವುದೆಂಬ ಮಾತಾಯಿತೇ ಹೊರತು ಅದು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗಾಡಿಯನ್ನು ನಾನು ಕೊಂಡದ್ದು ಹಳೆಯದಾಗಿ. ಅದು ಬಹಳ ಕಾಲ ನಿಂತಲ್ಲೇ ನಿಂತಿತ್ತು. ಟೈರಿನ ಗೆರೆಗಳು ಆಳವಾಗಿ, ಹೊಸದರಂತೆ ಕಾಣುತ್ತಿದ್ದುದರಿಂದ ಅವುಗಳ ವಯಸ್ಸನ್ನು ನೋಡಬೇಕೆಂದು ಹೊಳೆಯಲಿಲ್ಲ. ವೇಗ ಗಂಟೆಗೆ 80 ಕಿ.ಮೀ. ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತಿತ್ತು. ಮೊದಲ ಅಂಗಡಿಯಲ್ಲಿ ಮುಂದಿನ ಎರಡು ಚಕ್ರಗಳನ್ನು ಬಿಚ್ಚಿ, ಕಾರಿನ ಚಕ್ರಗಳಿಗೆಂದು ಇದ್ದ ಯಂತ್ರಕ್ಕೇ ಏರಿಸಿದರು. ಎಡಚಕ್ರಕ್ಕೆ 260 ಗ್ರಾಂ ತೂಕ ಬೇಕೆಂದು ಯಂತ್ರ ತೋರಿಸಿತು. ಚಕ್ರ ಸರಿಯಾಗಿ ಕೂತಿಲ್ಲವೆನಿಸಿ ಅದನ್ನು ಸಡಿಲಿಸಿ ಮತ್ತೆ ಬಿಗಿದಾಗ ಬೇರೆಯದೇ ಜಾಗದಲ್ಲಿ 90 ಗ್ರಾಂ ಎಂದು ತೋರಿಸಿತು. ಕಡಿಮೆ ತೋರಿಸಿದ್ದೇ ಒಳ್ಳೆಯದೆಂದು ಅವರು ಆ 90 ಗ್ರಾಂ ತೂಕದ ತುಂಡನ್ನು ರಿಮ್‌ನ ಅಂಚಿಗೆ ಹೊಡೆದು ಕಳುಹಿಸಿದರು. ನಾನು ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ್ದೆ.

ಒಂದೇ ಚಕ್ರಕ್ಕೆ ಯಂತ್ರ ಎರಡು ಉತ್ತರ ಕೊಟ್ಟರೆ ಚಕ್ರ ಯಂತ್ರದ ದಂಡದ ಮೇಲೆ ನಟ್ಟನಡುವೆ ಕೂತಿಲ್ಲ ಎಂದೇ ಅರ್ಥ. ದೊಡ್ಡ ಮೋಟರ್‌ಹೋಮ್‌ಗಳಲ್ಲೂ ಲಾರಿಗಳಲ್ಲೂ ರಿಮ್ ಎರಡು ರೀತಿಯಲ್ಲಿ ನಡು ಹಿಡಿಯುತ್ತದೆ. ಕೆಲವು ರಿಮ್‌ಗಳ ನಡುವಿನ ರಂಧ್ರವೇ ಅಚ್ಚಿನ ತುದಿಯಲ್ಲಿರುವ ಹಬ್‌ನ ಮೇಲೆ ಬಿಗಿಯಾಗಿ ಕೂರುತ್ತದೆ. ಇನ್ನು ಕೆಲವು, ವಿಶೇಷವಾಗಿ ಹಳೆಯ ಬಗೆಯವು, ಬೋಲ್ಟಿನ ರಂಧ್ರಗಳ ಇಳಿಜಾರಿಗೆ ನಟ್‌ಗಳು ಕೂರುವುದರಿಂದ ನಡುವಿಗೆ ಬರುತ್ತವೆ. ಈ ಎರಡನೆಯ ಬಗೆಯ ರಿಮ್‌ನ ನಡುರಂಧ್ರದೊಳಗೆ ಶಂಕುವಿನಾಕಾರದ ಬಿಲ್ಲೆ ಹಾಕಿ ಯಂತ್ರಕ್ಕೆ ಬಿಗಿದರೆ ಅದು ನಡುವಿಗೆ ಬರುವ ಭರವಸೆಯಿಲ್ಲ. ನಮ್ಮ ಗಾಡಿಯದು ಆ ಬಗೆಯ ರಿಮ್ಮೇ. ಸುಮಾರು 70 ಕಿಲೋ ತೂಗುವ ಚಕ್ರ ನಡುವಿನಿಂದ ಬರೀ 1 ಮಿ.ಮೀ. ಸರಿದರೂ ರಿಮ್‌ನ ಅಂಚಿನಲ್ಲಿ ಸುಮಾರು 250 ಗ್ರಾಂನಷ್ಟು ಸುಳ್ಳು ಅಸಮತೋಲ ಕಾಣಿಸುತ್ತದೆ. ಯಂತ್ರದ ಪರದೆ ಆ ಸುಳ್ಳನ್ನೂ ನಿಖರ ಅಂಕಿಯಲ್ಲೇ ತೋರಿಸುತ್ತದೆ. ಆದ್ದರಿಂದ ಬ್ಯಾಲೆನ್ಸ್ ಆದ ಮೇಲೆ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿ ತೋರಿಸಿರೆಂದು ಕೇಳಿ. ಎರಡನೆಯ ಸಲವೂ ಯಂತ್ರ ಸೊನ್ನೆಯ ಹತ್ತಿರವೇ ನಿಂತರೆ ಮಾತ್ರ ಹೊಡೆದ ತೂಕಕ್ಕೆ ಅರ್ಥವಿದೆ. ಇದಕ್ಕೆ ಎರಡು ನಿಮಿಷ ಸಾಕು, ಮತ್ತು ಒಪ್ಪದ ಅಂಗಡಿಯಿಂದ ಗಾಡಿಯನ್ನು ತೆಗೆದುಕೊಂಡು ಹೊರಡುವುದೇ ಸರಿ ಎಂಬುದು ಈಗ ನನ್ನ ಅಭಿಪ್ರಾಯ.

ನಡುಕ ಹೋಗದ ಕಾರಣ ಎರಡನೆಯ ಅಂಗಡಿಗೆ ಹೋದೆ. ಅಲ್ಲಿಯವರು ತೂಕ ಹೊಡೆಯುವುದು ಹಳೆಯ ಪದ್ಧತಿ, ಟೈರಿನೊಳಗೆ ಗಾಜಿನ ಸಣ್ಣ ಮಣಿಗಳನ್ನು ಹಾಕಿದರೆ ಟೈರ್ ಸವೆಯುವವರೆಗೂ ಅದು ತಾನಾಗಿಯೇ ಸಮತೋಲ ಕಾಯ್ದುಕೊಳ್ಳುತ್ತದೆ ಎಂದರು. ಮಣಿಗಳ ವಿಷಯ ಪೂರ್ತಿ ಸುಳ್ಳಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಒಂದು ಬದಿ ಭಾರವಾಗಿರುವ ಚಕ್ರ ಸಾಕಷ್ಟು ವೇಗವಾಗಿ ತಿರುಗುವಾಗ ತನ್ನ ಅಚ್ಚಿನ ಸುತ್ತ ತಿರುಗುವ ಬದಲು ತೂಕದ ಕೇಂದ್ರದ ಸುತ್ತ ತಿರುಗಲು ನೋಡುತ್ತದೆ; ಆಗ ಹಗುರವಾದ ಬದಿ ಆ ಕೇಂದ್ರದಿಂದ ಹೆಚ್ಚು ದೂರಕ್ಕೆ ಬರುತ್ತದೆ, ಒಳಗೆ ಸಡಿಲವಾಗಿರುವ ಮಣಿಗಳು ದೂರದ ಕಡೆಗೇ ಜಾರಿ ಅಲ್ಲಿ ನಿಲ್ಲುತ್ತವೆ. ಆದರೆ ಇದು ನಡೆಯುವುದು ಸಸ್ಪೆನ್ಷನ್‌ನ ಸ್ವಭಾವಕ್ಕೆ ತಕ್ಕ ಒಂದು ವೇಗ ದಾಟಿದ ಮೇಲೆ. ಅದಕ್ಕಿಂತ ಕಡಿಮೆ ವೇಗದಲ್ಲಿ ಮಣಿಗಳು ಭಾರದ ಬದಿಗೇ ಸೇರಿ ನಡುಕವನ್ನು ಹೆಚ್ಚಿಸಲೂಬಹುದು. ಗಾಡಿ ನಿಂತಾಗ ಎಲ್ಲವೂ ತಳಕ್ಕೆ ಬೀಳುತ್ತವೆ, ಪ್ರತಿ ಬಾರಿಯೂ ಮೊದಲಿನಿಂದ ಹರಡಿಕೊಳ್ಳಬೇಕು. ಟೈರ್ ಗುಂಡಗಿಲ್ಲದಿದ್ದರೆ, ರಿಮ್ ಬಗ್ಗಿದ್ದರೆ, ಒಳಗಿನ ಉಕ್ಕಿನ ತಂತಿಯ ಪದರ ಬಿಡುತ್ತಿದ್ದರೆ ಮಣಿಗಳು ಅದನ್ನು ಸರಿಮಾಡಲಾರವು, ತೂಕಗಳೂ ಸರಿಮಾಡಲಾರವು.

ಮಣಿ ಹಾಕುವ ಕೆಲಸವನ್ನಾದರೂ ಅಂಗಡಿಯವರು ಸರಿಯಾಗಿ ಮಾಡಲಿಲ್ಲ. ಟೈರಿನ ಒಳಗೋಡೆ ಪೂರ್ತಿ ಒಣಗಿರಬೇಕು. ನಮ್ಮದನ್ನು ಕೂರಿಸುವಾಗ ಹಚ್ಚಿದ ಸೋಪಿನ ನೀರು ಒಳಗೆ ಹಾಗೆಯೇ ಇತ್ತು. ಒದ್ದೆಯಾದ ಮಣಿಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ, ಆ ಗಂಟು ತಾನೇ ಹೊಸ ಅಸಮತೋಲವಾಗುತ್ತದೆ. ಪಂಕ್ಚರ್ ಮುಚ್ಚಲು ಬಳಸುವ ದ್ರವ ಒಳಗಿರುವ ಟೈರಿಗೆ ಮಣಿ ಹಾಕಲೇಬಾರದೆನ್ನುವುದೂ ಇದೇ ಕಾರಣಕ್ಕೆ. ವಾಲ್ವಿನೊಳಗೆ ಜಾಲರಿ ಇರುವ ಪಿನ್ ಹಾಕಬೇಕಿತ್ತು, ಹಾಕಲಿಲ್ಲ. ಕೆಲವು ವಾರಗಳಲ್ಲೇ ಒಂದು ಮಣಿ ವಾಲ್ವಿನ ಪಿನ್ನಿಗೆ ಸಿಕ್ಕಿಕೊಂಡು ಗಾಳಿ ನಿಧಾನವಾಗಿ ಸೋರತೊಡಗಿತು. ಎಷ್ಟು ದೂರವನ್ನು ಕಡಿಮೆ ಗಾಳಿಯಲ್ಲಿ ಓಡಿಸಿದೆನೋ ಲೆಕ್ಕವಿಲ್ಲ. ಮೊದಲೇ ವಯಸ್ಸಾಗಿದ್ದ ಟೈರಿಗೆ ಕಡಿಮೆ ಗಾಳಿ, ಅದರಿಂದ ಏರುವ ಬಿಸಿ ಮತ್ತು ಮೋಟರ್‌ಹೋಮ್‌ನ ಭಾರ ಮೂರೂ ಒಟ್ಟಿಗೆ ಸೇರಿದವು.

ಹಾಗಿದ್ದರೂ ಮಣಿ ಹಾಕಿಸಿದ ಮೊದಲ ದಿನಗಳಲ್ಲಿ ನಡುಕ ಗಣನೀಯವಾಗಿ ಕಡಿಮೆಯಾಯಿತು. ನನಗೆ ಇಂದಿಗೂ ಅತಿ ಹೆಚ್ಚು ಬೇಸರ ತರುವ ಸಂಗತಿ ಇದೇ. ಪದರ ಬಿಡುತ್ತಿದ್ದ ಟೈರಿನಲ್ಲಿ ಅಸಮತೋಲವೂ ಇತ್ತು. ಮಣಿಗಳು ಆ ಅಸಮತೋಲವನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸಿದವು, ನನಗೆ ಮುನ್ಸೂಚನೆ ಕೊಡುತ್ತಿದ್ದ ನಡುಕ ಅಷ್ಟರ ಮಟ್ಟಿಗೆ ಅಡಗಿತು, ಒಳಗೆ ಪದರ ಬಿಡುವುದು ಮಾತ್ರ ಮುಂದುವರಿಯಿತು. ಅಪಘಾತಕ್ಕೆ ಒಂದು ವಾರ ಮೊದಲು 25 ಕಿ.ಮೀ. ವೇಗದಲ್ಲೇ ಮುಂಭಾಗದಿಂದ ಸಣ್ಣ ಕುಲುಕಾಟ, ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಮೆತ್ತಗಿನ ಬಡಿತ ಕೇಳಿಸುತ್ತಿತ್ತು. ಮಣಿಗಳು ಇನ್ನೂ ಹರಡಿಕೊಂಡಿಲ್ಲವೆಂದು ನಾನೇ ಸಮಾಧಾನ ಹೇಳಿಕೊಂಡೆ.

ಆ ಬಡಿತದ ಅರ್ಥವನ್ನು ಈಗ ಬಲ್ಲೆ, ದಯವಿಟ್ಟು ನೀವೂ ನೆನಪಿಡಿ. ಅಸಮತೋಲದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ನಮ್ಮ ಗಾಡಿಯ ಗಾತ್ರದ ಚಕ್ರದಲ್ಲಿ ರಿಮ್‌ನ ಅಂಚಿಗೆ 100 ಗ್ರಾಂ ಹೆಚ್ಚಿದ್ದರೆ, 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ಸುತ್ತುವಾಗ ಆ 100 ಗ್ರಾಂ ಸುಮಾರು 10 ಕಿಲೋ ಭಾರದಷ್ಟು ಬಲದಿಂದ ಅಚ್ಚನ್ನು ಎಳೆಯುತ್ತದೆ, 50 ಕಿ.ಮೀ. ವೇಗದಲ್ಲಿ ಅದು ಎರಡೂವರೆ ಕಿಲೋಗೆ ಇಳಿಯುತ್ತದೆ. 25ರಲ್ಲಿ ಒಂದು ಕಿಲೋ ಕೂಡ ಇರುವುದಿಲ್ಲ, ಅಷ್ಟು ದೊಡ್ಡ ಗಾಡಿಯಲ್ಲಿ ಕುಳಿತವರಿಗೆ ಅದು ತಿಳಿಯುವುದೇ ಇಲ್ಲ. ಅಂದರೆ ನಿಧಾನ ವೇಗದಲ್ಲಿಯೂ ಕುಲುಕುವ ಚಕ್ರದ ತೊಂದರೆ ಬ್ಯಾಲೆನ್ಸ್ ಅಲ್ಲ. ಟೈರ್ ಉಬ್ಬಿರಬಹುದು, ರಿಮ್ ಬಗ್ಗಿರಬಹುದು, ಬಹಳ ಕಾಲ ನಿಂತು ಒಂದು ಜಾಗ ಚಪ್ಪಟೆಯಾಗಿರಬಹುದು. ನಿಂತು ಆದ ಚಪ್ಪಟೆ ಕೆಲವೊಮ್ಮೆ ಟೈರ್ ಬಿಸಿಯಾದ ಮೇಲೆ ಹೋಗುತ್ತದೆ, ಉಬ್ಬು ಹೋಗುವುದಿಲ್ಲ. ಅಂಥ ಕುಲುಕಾಟ ಕಂಡಕೂಡಲೇ ಗಾಡಿಯನ್ನು ನಿಲ್ಲಿಸಬೇಕು. ಮನೆ ತಲುಪಿದ ಮೇಲೆ ನೋಡೋಣ ಎಂದು ಮುಂದುವರಿಯಬಾರದು.

ಟೈರ್ ಕಿತ್ತ ಮೇಲೆ ನೋಡಲು ಬಂದ ಹಿರಿಯ ಮೆಕ್ಯಾನಿಕ್ ಒಬ್ಬರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಉಳಿದಿದ್ದ ಬಲ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ನೆಲದ ಮೇಲೆ ಒಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಅದರ ತುದಿ ಟೈರಿನ ಮೇಲ್ಮೈಗೆ ತಾಗುವಂತೆ ಮಾಡಿ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಒಂದು ಕಡೆ ತುದಿ ತಾಗುತ್ತಿತ್ತು, ಇನ್ನೊಂದು ಕಡೆ ನಾಲ್ಕು ಮಿ.ಮೀ. ಸಂದು ಬಿಡುತ್ತಿತ್ತು. ಆಮೇಲೆ ಟೈರಿನ ಪಕ್ಕದ ಗೋಡೆಯ ಮೇಲಿನ ತಯಾರಿಕೆಯ ಸಂಕೇತವನ್ನು ಓದಿಸಿದರು. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ನಂತರದ ಎರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ನಮ್ಮ ಟೈರುಗಳಿಗೆ ಹನ್ನೊಂದು ವರ್ಷ ದಾಟಿತ್ತು. ಐದು ವರ್ಷದ ನಂತರ ಪ್ರತಿ ವರ್ಷ ಪರೀಕ್ಷಿಸಿ, ಗೆರೆ ಎಷ್ಟೇ ಆಳವಾಗಿದ್ದರೂ ಹತ್ತು ವರ್ಷಕ್ಕೆ ತೆಗೆದುಬಿಡಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಕಡಿಮೆ ಓಡಿ ಹೆಚ್ಚು ನಿಲ್ಲುವ ಮೋಟರ್‌ಹೋಮ್‌ನಲ್ಲಿ ಟೈರ್ ಸವೆದು ಮುಗಿಯುವುದಕ್ಕಿಂತ ಮೊದಲೇ ಮುದಿಯಾಗುತ್ತದೆ.

ಐದು ನಿಮಿಷದ ಆ ಪರೀಕ್ಷೆಯನ್ನು ಮೊದಲ ದಿನವೇ ಮಾಡಿಸಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಟೈರಿನ ವಯಸ್ಸು, ಗಾಳಿ, ಉಬ್ಬು, ರಿಮ್‌ನ ಓರೆ, ವೀಲ್ ಬೇರಿಂಗ್, ಸ್ಟೇರಿಂಗನ್ನು ಚಕ್ರಗಳಿಗೆ ಜೋಡಿಸುವ ಟೈ ರಾಡ್, ಶಾಕ್ ಅಬ್ಸಾರ್ಬರ್ ಇವನ್ನೆಲ್ಲ ನೋಡಿದ ಮೇಲಷ್ಟೇ ಬ್ಯಾಲೆನ್ಸಿಂಗ್ ಮಾತು ಬರಬೇಕು. ಟೈರಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದು ಸವೆದಿದ್ದರೆ ಅದಕ್ಕೆ ಅಸಮತೋಲದಷ್ಟೇ ಸತ್ತುಹೋದ ಶಾಕ್ ಅಬ್ಸಾರ್ಬರ್ ಕೂಡ ಕಾರಣವಾಗಿರಬಹುದು.

ವಿಧಾನದ ಆಯ್ಕೆ ಅದರ ನಂತರದ್ದು. ಅಗಲವಾದ ಚಕ್ರಕ್ಕೆ ಒಂದೇ ಬದಿಯಲ್ಲಿ ತೂಕ ಹೊಡೆದರೆ ಮೇಲೆ ಕೆಳಗೆ ಕುಪ್ಪಳಿಸುವುದು ನಿಂತೀತು, ಎಡಬಲಕ್ಕೆ ತೊನೆಯುವುದು ನಿಲ್ಲದು. ಒಳ ಅಂಚು ಮತ್ತು ಹೊರ ಅಂಚು ಎರಡನ್ನೂ ಬೇರೆ ಬೇರೆ ಅಳೆದು ತೂಕ ಹಾಕಿಸಬೇಕು. ಬೈಕಿನ ಕಿರಿದಾದ ಚಕ್ರಕ್ಕೆ ಒಂದೇ ಸಾಲು ಸಾಕಾಗುತ್ತದೆ. ಟೈರನ್ನು ಉರುಳೆಯಿಂದ ಒತ್ತಿ, ಭಾರ ಬಿದ್ದಾಗ ಅದು ಎಲ್ಲೆಲ್ಲಿ ಗಡುಸಾಗಿದೆ ಎಂದು ಅಳೆಯುವ ಯಂತ್ರ ಸಿಕ್ಕರೆ ಬ್ಯಾಲೆನ್ಸ್ ಸರಿಯಿದ್ದೂ ನಡುಗುವ ಕಾರಿನ ಚಕ್ರಕ್ಕೆ ಅದೇ ಉತ್ತಮ. ಗಾಡಿಯಲ್ಲಿದ್ದಂತೆಯೇ ಚಕ್ರ ತಿರುಗಿಸಿ ಬ್ಯಾಲೆನ್ಸ್ ಮಾಡಿದರೆ ಬ್ರೇಕ್ ಡ್ರಮ್ಮಿನ ಅಸಮತೋಲವೂ ಲೆಕ್ಕಕ್ಕೆ ಬರುತ್ತದೆ, ಆದರೆ ಮುಂದೆ ಚಕ್ರ ಬಿಚ್ಚಿದಾಗ ಅದನ್ನು ಅದೇ ಬೋಲ್ಟುಗಳಿಗೆ ಕೂರಿಸಲು ಗುರುತು ಹಾಕಿಕೊಂಡಿರಬೇಕು. ಚಕ್ರದ ಹಿಂದೆ ಬೋಲ್ಟಿಗೆ ಸಿಕ್ಕಿಸುವ, ಒಳಗೆ ಉಕ್ಕಿನ ಗುಂಡುಗಳಿರುವ ಬಳೆಗಳು ಟೈರಿನೊಳಕ್ಕೆ ಏನನ್ನೂ ಹಾಕುವುದಿಲ್ಲವಾದ್ದರಿಂದ ವಾಲ್ವಿನ ತೊಂದರೆ ತರುವುದಿಲ್ಲ. ಜೋಡಿ ಚಕ್ರಗಳಿರುವ ಹಿಂದಿನ ಅಚ್ಚಿನಲ್ಲಿ ಅಸಮತೋಲ ಚಾಲಕನ ಕೈಗೆ ತಿಳಿಯುವುದಿಲ್ಲ, ಟೈರನ್ನು ಸವೆಸುವುದು ಮಾತ್ರ ತಪ್ಪುವುದಿಲ್ಲ. ಮುಂದಿನದು ಸಾಕು ಎನ್ನುವವರ ಮಾತು ಕೇಳಬೇಡಿ.

ನಾನು ಕೊನೆಗೆ ಆರಿಸಿದ್ದು ಹಳೆಯ ಪದ್ಧತಿಯನ್ನೇ. ಹೊಸ ಟೈರುಗಳನ್ನು ಲಾರಿಯ ಚಕ್ರಕ್ಕೆಂದೇ ಇರುವ ಯಂತ್ರದಲ್ಲಿ, ಬೋಲ್ಟಿನ ರಂಧ್ರಗಳಿಂದ ನಡು ಹಿಡಿಯುವ ತಟ್ಟೆ ಹಾಕಿ, ಎರಡೂ ಅಂಚಿಗೆ ಅಳೆದರು. ಎಡಕ್ಕೆ ಒಟ್ಟು 85 ಗ್ರಾಂ, ಬಲಕ್ಕೆ 110 ಗ್ರಾಂ ಬೇಕಾಯಿತು. ಬಿಚ್ಚಿ ತಿರುಗಿಸಿ ಬಿಗಿದಾಗಲೂ ಯಂತ್ರ ಸೊನ್ನೆಯನ್ನೇ ತೋರಿಸಿತು. ಕೂರಿಸುವ ಮೊದಲು ಹಬ್ ಮತ್ತು ರಿಮ್ ಸೇರುವ ಮುಖಗಳ ತುಕ್ಕನ್ನು ಉಜ್ಜಿ ತೆಗೆದರು. 100 ಕಿ.ಮೀ. ಓಡಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಸಿದೆವು, ಒಂದು ನಟ್ ಅಷ್ಟರಲ್ಲೇ ಸ್ವಲ್ಪ ಸಡಿಲವಾಗಿತ್ತು.

ಈಗಾಗಲೇ ಮಣಿ ಹಾಕಿಸಿಕೊಂಡಿರುವವರು ಪಂಕ್ಚರ್ ಅಂಗಡಿಯಲ್ಲಿ ವಾಲ್ವ್ ಬಿಚ್ಚುವ ಮೊದಲೇ ಆ ವಿಷಯವನ್ನು ಹೇಳಿಬಿಡಿ. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರವನ್ನು ನಿಲ್ಲಿಸಿ, ಮಣಿಗಳೆಲ್ಲ ತಳಕ್ಕೆ ಇಳಿದ ಮೇಲೆ, ಮುಖವನ್ನು ದೂರವಿಟ್ಟುಕೊಂಡೇ ಗಾಳಿ ಬಿಡಬೇಕು. ನಮ್ಮ ಬಲ ಟೈರ್ ಬಿಚ್ಚುವಾಗ ಇದನ್ನು ಹೇಳಲು ನಾನು ಮರೆತೆ, ಗಾಳಿಯೊಂದಿಗೆ ಚಿಮ್ಮಿದ ಮಣಿಗಳು ಕೆಲಸದ ಹುಡುಗನ ಕಣ್ಣಿನ ಪಕ್ಕಕ್ಕೇ ಬಡಿದವು.